ಕಡಲಿನಾಚೆಯ ಮಲೆನಾಡು

ಶಾಲೆಯ ಮಕ್ಕಳನ್ನು ಕರೆದುಕೊಂಡು ಸಿಂಹಳದ್ವೀಪಕ್ಕೆ ಹೋಗಿಬಂದ ಮೇಲೆ ನನ್ನನ್ನು ಕಂಡವರೆಲ್ಲರೂ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಅಲ್ಲಿ ನೋಡುವಂಥದ್ದೇನಿದೆ? ಅದೇ ತೆಂಗು, ಅದೇ ಹಲಸು, ಅದೇ ಮಳೆ. ಇಷ್ಟಕ್ಕಾಗಿ ವಿಮಾನ ಹತ್ತಬೇಕಾಗಿತ್ತೆ? ಪ್ರಶ್ನೆ ಅವಿಚಾರದ್ದೆಂದು ಹೇಳಲಾರೆ. ಈಚಿನ ವರ್ಷಗಳಲ್ಲಿ ವಿಜ್ಞಾನ ಪ್ರವಾಸವೆಂದರೆ ಅಮೆರಿಕೆಯ ಕೆನೆಡಿ ಬಾಹ್ಯಾಕಾಶ ಕೇಂದ್ರಕ್ಕೋ ಸಿಂಗಪುರಕ್ಕೋ ಹೋಗುವುದೆಂಬ ಭಾವನೆ ಪೋಷಕರ ಮನಸ್ಸಿನಲ್ಲಿ ಬೇರೂರಿದೆ. ರಾಕೆಟ್ಟಿನ ಮುಂದೆ ನಿಂತ ಮಕ್ಕಳ ಭಾವಚಿತ್ರಗಳು ಪಟ್ಟಣದ ಶಾಲೆಗಳ ಗೋಡೆಗಳನ್ನು ಅಲಂಕರಿಸಿರುವುದನ್ನು ನಾನೂ ಕಂಡಿದ್ದೇನೆ. ಹೋಗುವವರು ಹೋಗಲಿ. ಆದರೆ ಊರಿಗೆ ಮರಳಿ ಮಳೆಗಾಲವೊಂದು ಕಳೆದರೂ ಈ ನೆರೆಯ ದ್ವೀಪ ನನ್ನ ಮನಸ್ಸನ್ನು ಬಿಡದೆ ಕೊರೆಯುತ್ತಿರುವುದಕ್ಕೆ ಕಾರಣವೇನೆಂಬುದನ್ನು ಬರೆದು ನೋಡಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಕಾಫಿ ಮತ್ತು ಅಡಕೆ ತೋಟಗಳ ನಡುವೆ ಇರುವ ನಮ್ಮ ಪ್ರೌಢಶಾಲೆಯ ಆಡಳಿತ ಮಂಡಳಿಯಲ್ಲಿ ಈ ಪ್ರವಾಸದ ಪ್ರಸ್ತಾಪವನ್ನು ಎತ್ತಿದವರು ನಮ್ಮ ಜೀವಶಾಸ್ತ್ರದ ಉಪಾಧ್ಯಾಯಿನಿ. ಜೀವವೈವಿಧ್ಯದಿಂದ ಸಮೃದ್ಧವಾಗಿದ್ದೂ ವಿನಾಶದ ಅಂಚಿಗೆ ಸರಿಯುತ್ತಿರುವ ಭೂಭಾಗಗಳನ್ನು ವಿದ್ವಾಂಸರು ಪಟ್ಟಿಮಾಡಿರುವರಷ್ಟೆ. ಆ ಪಟ್ಟಿಯಲ್ಲಿ ನಮ್ಮ ಪಶ್ಚಿಮಘಟ್ಟವೂ ಶ್ರೀಲಂಕೆಯೂ ಬೇರೆಬೇರೆಯಾಗಿ ಬರದೆ ಒಂದೇ ಘಟಕವಾಗಿ ಬರುತ್ತವೆ. "ಮನೆಯ ಹಿತ್ತಿಲನ್ನು ಬಲ್ಲ ಮಕ್ಕಳಿಗೆ ಅದೇ ಮನೆಯ ಇನ್ನೊಂದು ಹಿತ್ತಿಲನ್ನು ತೋರಿಸೋಣ" ಎಂದು ಅವರು ವಾದಿಸಿದರು. ಮಂಡಳಿಯವರಿಗೆ ಈ ವಾದ ಎಷ್ಟರಮಟ್ಟಿಗೆ ರುಚಿಸಿತೋ ಅರಿಯೆ. ಖರ್ಚು ಕಡಮೆಯೆಂಬುದು ಮಾತ್ರ ಚೆನ್ನಾಗಿ ರುಚಿಸಿತು. ಭೌತಶಾಸ್ತ್ರವನ್ನು ಹೇಳಿಕೊಡುವ ನಾನು, ವಯಸ್ಸಿನಲ್ಲಿ ಹಿರಿಯನೆಂಬ ಒಂದೇ ಅರ್ಹತೆಯಿಂದ, ಜೊತೆಗಾರನಾಗಿ ಹೊರಟೆ.

ಕೊಳಂಬಿನ ಗದ್ದಲವನ್ನು ಹಿಂದೆ ಬಿಟ್ಟು ದ್ವೀಪದ ನೈಋತ್ಯದ ಬೆಟ್ಟಗಳತ್ತ ನಮ್ಮ ಬಸ್ಸು ತಿರುಗಿದ ಮೇಲೆ ಮಕ್ಕಳ ಮುಖಗಳಲ್ಲಿ ನಿರಾಶೆ ಕಾಣತೊಡಗಿತು. ಕಿಟಕಿಯ ಹೊರಗೆ ಗದ್ದೆ, ಗದ್ದೆಯಂಚಿಗೆ ತೆಂಗು, ತೆಂಗಿನ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಮರ, ಅದರ ಹಿಂದೆ ಮೋಡ ಹೊದ್ದ ಗುಡ್ಡ. "ಸಾರ್, ನಾವು ಕಳಸದ ಕಡೆಗೆ ಹೋಗ್ತಾ ಇಲ್ಲ ತಾನೆ?" ಎಂದು ಹುಡುಗನೊಬ್ಬ ಕೇಳಿದಾಗ ಬಸ್ಸೆಲ್ಲ ನಕ್ಕಿತು. ದಾರಿಯ ಕೂಡುರಸ್ತೆಗಳಲ್ಲಿ ಗಾಜಿನ ಗೂಡಿನೊಳಗೆ ಕುಳಿತ ಬುದ್ಧ, ಅಚ್ಚ ಬಿಳಿಯ ಸಮವಸ್ತ್ರ ಧರಿಸಿ ಸಾಲಾಗಿ ಮನೆಗೆ ಹೋಗುತ್ತಿದ್ದ ಶಾಲೆಯ ಮಕ್ಕಳು, ಇವೆರಡನ್ನು ಬಿಟ್ಟರೆ ಪರದೇಶವೆನ್ನಲು ಅಲ್ಲಿ ಸಾಕ್ಷಿ ಸಾಲದು. ಕೆಸರಿನ ರಸ್ತೆಯ ಬದಿಯಲ್ಲಿಯೂ ಆ ಬಿಳಿಯ ಬಟ್ಟೆ ಕಲೆಯಾಗದಿದ್ದುದನ್ನು ಕಂಡು ನಮ್ಮ ಹುಡುಗಿಯರು ವಿಸ್ಮಯಪಟ್ಟರೆಂಬುದನ್ನೂ ಇಲ್ಲಿ ಹೇಳಬೇಕು.

ಸಿಂಹರಾಜವೆಂಬುದು ಆ ದ್ವೀಪದಲ್ಲಿ ಉಳಿದಿರುವ ತಗ್ಗುನಾಡಿನ ಮಳೆಕಾಡುಗಳಲ್ಲಿ ಅತ್ಯಂತ ವಿಸ್ತಾರವಾದುದು. 1988ರಲ್ಲಿಯೇ ವಿಶ್ವಪರಂಪರೆಯ ತಾಣವೆಂದು ಮನ್ನಣೆ ಪಡೆಯಿತು. ಅದರೊಳಗೆ ನಾವು ನಡೆದುಹೋದ ಅಗಲವಾದ ದಾರಿ ಯಾತ್ರಿಕರಿಗಾಗಿ ಆದುದಲ್ಲ, ಮರ ಸಾಗಿಸುವ ಲಾರಿಗಳಿಗಾಗಿ ಆದುದು. 1970ರ ದಶಕದ ಆರಂಭದಲ್ಲಿ ಪ್ಲೈವುಡ್ಡಿಗೆಂದು ಈ ಕಾಡನ್ನು ಯಂತ್ರಗಳಿಂದ ಕಡಿಯಲು ತೊಡಗಿ, ಜನರು ಬಲವಾಗಿ ಪ್ರತಿಭಟಿಸಿದ್ದರಿಂದ 1977ರಲ್ಲಿ ಕಡಿತವನ್ನು ನಿಲ್ಲಿಸಲಾಯಿತು. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ಮುಚ್ಚಿದ ಕಥೆಯನ್ನು ಮನೆಗಳಲ್ಲಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಅಪರಿಚಿತವಾದ ಕಥೆಯಲ್ಲ. ಆದರೆ ಕೊಡಲಿ ಬಿದ್ದ ಜಾಗದಲ್ಲಿ ಕಾಡು ಹೇಗೆ ಮತ್ತೆ ಮೇಲೇಳುತ್ತದೆ ಎಂಬುದನ್ನು ಆ ನಾಡಿನ ವಿದ್ವಾಂಸರು ದಶಕಗಳ ಕಾಲ ಕುಳಿತು ಅಳೆದರೆಂಬುದನ್ನೂ, ಪೆರಾದೆಣಿಯ ವಿಶ್ವವಿದ್ಯಾಲಯದ ಗುಣತಿಲಕ ದಂಪತಿಗಳು ಅಂಚಿನಲ್ಲಿ ನೆಟ್ಟಿದ್ದ ಪೈನ್ ಮರಗಳ ನೆರಳಿನಲ್ಲಿಯೇ ಸ್ವದೇಶೀ ಸಸಿಗಳನ್ನು ಎಬ್ಬಿಸಲು ಪ್ರಯೋಗ ನಡೆಸಿದರೆಂಬುದನ್ನೂ ಕೇಳಿದಾಗ, ನಮ್ಮ ಉಪಾಧ್ಯಾಯಿನಿಯ ಕಣ್ಣಿನಲ್ಲಿ ಮೂಡಿದ ಅಸೂಯೆಯನ್ನು ನಾನು ಗಮನಿಸದಿರಲಿಲ್ಲ.

ನಮಗೆ ದಾರಿ ತೋರಿಸಲು ಬಂದವನು ಕಾಡಿನಂಚಿನ ಹಳ್ಳಿಯವನು, ನಡುವಯಸ್ಸಿನವನು, ಬರಿಗಾಲಿನವನು. ಮಕ್ಕಳನ್ನು "ಪುತಾ", "ದುವಾ" ಎಂದು ತನ್ನ ಹೊಟ್ಟೆಯಲ್ಲಿ ಹುಟ್ಟಿದವರಂತೆ ಕರೆಯುತ್ತ, ನಿಧಾನವಾದ ಇಂಗ್ಲಿಷಿನಲ್ಲಿ ಒಂದೊಂದೇ ಮರದ ಪರಿಚಯ ಮಾಡಿಸುತ್ತ ನಡೆದ. ಉಂಬಳಗಳ ವಿಷಯದಲ್ಲಿ ಎಚ್ಚರಿಕೆ ಕೊಡಲು ಹೊರಟು, ನಮ್ಮ ಹುಡುಗರು ತಾವಾಗಿಯೇ ಸುಣ್ಣ ಮತ್ತು ಹೊಗೆಸೊಪ್ಪಿನ ಪೊಟ್ಟಣ ಬಿಚ್ಚಿದ್ದನ್ನು ಕಂಡು ಮಾತು ನಿಲ್ಲಿಸಿ ನಕ್ಕುಬಿಟ್ಟ. ಅಲ್ಲಿಂದ ಮುಂದೆ ಅವನಿಗೂ ನಮ್ಮವರಿಗೂ ಸ್ನೇಹ. ನಾಗಸಂಪಿಗೆಯನ್ನು ಅವನು ತೋರಿಸುವ ಮೊದಲೇ ಮಕ್ಕಳು ಗುರುತಿಸಿದರು. ಬಗನಿಮರವನ್ನು ಕಂಡೊಡನೆ ಹುಡುಗರು ಪರಸ್ಪರ ಮುಖ ನೋಡಿಕೊಂಡು ನಕ್ಕುದರ ಕಾರಣ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಆ ಮರದ ರಸವನ್ನು ಕಳ್ಳಾಗಲು ಬಿಡದೆ ಕುದಿಸಿ ಪಾಕವಾಗಿಯೂ ಬೆಲ್ಲವಾಗಿಯೂ ಮಾಡುತ್ತಾರೆಂದು ತಿಳಿದಾಗ ಅವರಿಗೆ ಕೊಂಚ ಆಶ್ಚರ್ಯವಾಯಿತು.

ಹೀಗೆ ಎಲ್ಲವೂ ಪರಿಚಿತವೆಂದು ಮಕ್ಕಳು ಮೈಮರೆತಿದ್ದಾಗ ಹಕ್ಕಿಗಳ ಮೇಳವೊಂದು ಬಂದಿತು. ಆ ಕಾಡಿನಲ್ಲಿ ಹತ್ತಾರು ಜಾತಿಯ ಹಕ್ಕಿಗಳು ಒಂದಾಗಿ ಮೇಯುತ್ತ ಸಾಗುವುದುಂಟು. ಕಿತ್ತಳೆಬಣ್ಣದ ಕೊಕ್ಕಿನ ಹರಟೆಮಲ್ಲಗಳು ಗದ್ದಲವೆಬ್ಬಿಸಿ ಹುಳುಗಳನ್ನು ಎಬ್ಬಿಸುತ್ತವೆ; ಕಾಜಾಣದ ಬಳಗಕ್ಕೆ ಸೇರಿದ ಹಕ್ಕಿ ಪಹರೆ ಕಾಯುತ್ತ, ಇತರರ ದನಿಗಳನ್ನು ಅನುಕರಿಸಿ ಗುಂಪನ್ನು ಕೂಡಿಸುತ್ತ, ಎದ್ದ ಹುಳುವಿನಲ್ಲಿ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಸರತ್ ಕೊಟಗಮ ಎಂಬ ಪಕ್ಷಿಶಾಸ್ತ್ರಜ್ಞರೂ ಅವರ ಶಿಷ್ಯವರ್ಗವೂ 1980ರ ದಶಕದಿಂದ ಈ ಮೇಳಗಳ ಲೆಕ್ಕವಿಟ್ಟಿದ್ದಾರೆ. "ಭೀಮರಾಜ!" ಎಂದು ನಮ್ಮ ಹುಡುಗಿಯೊಬ್ಬಳು ಕೂಗಿದಳು, ಮರುಕ್ಷಣ ತಡವರಿಸಿದಳು. "ಸಾರ್, ಇದಕ್ಕೆ ಬಾಲದ ತುದಿಯ ಚಾಮರಗಳೇ ಇಲ್ಲವಲ್ಲ?" ಇರಲಿಲ್ಲ. ಕಪ್ಪು ಮೈ ಅದೇ, ತಲೆಯ ಜುಟ್ಟು ಅದೇ, ದನಿಯೂ ಹೆಚ್ಚುಕಡಮೆ ಅದೇ; ಆದರೆ ನಮ್ಮ ಭೀಮರಾಜನ ಬಾಲದಿಂದ ಇಳಿಬಿದ್ದು ಹಾರುವಾಗ ತೂಗಾಡುವ ಆ ಎರಡು ಗರಿಗಳ ಬದಲು ಇದಕ್ಕೆ ಆಳವಾಗಿ ಕವಲೊಡೆದ ಬಾಲ ಮಾತ್ರ. ಬಹುಕಾಲ ಭೀಮರಾಜನದೇ ಉಪಜಾತಿಯೆಂದು ಎಣಿಸಲ್ಪಟ್ಟಿದ್ದ ಇದನ್ನು ಈಗ ಸಿಂಹಳದಲ್ಲಲ್ಲದೆ ಮತ್ತೆಲ್ಲಿಯೂ ಇಲ್ಲದ ಬೇರೆ ಜಾತಿಯೆಂದು ಗಣಿಸಿದ್ದಾರೆ. ಆ ಹಕ್ಕಿ ಹಾರಿಹೋದ ಮೇಲೆ ಮಕ್ಕಳ ನಡಿಗೆಯೇ ಬದಲಾಯಿತು. ಅದುವರೆಗೆ ಸಾಮ್ಯವನ್ನು ಹುಡುಕುತ್ತಿದ್ದವರು ಈಗ ಪ್ರತಿಯೊಂದು ಪರಿಚಿತ ವಸ್ತುವನ್ನೂ ಸಂಶಯದಿಂದ ನೋಡತೊಡಗಿದರು. ದಾರಿಯ ಬದಿಯ ಪೊದೆಯಲ್ಲಿ ಹೂಜಿಯಂಥ ಎಲೆಗಳನ್ನು ತೂಗುಬಿಟ್ಟು ಹುಳುಗಳನ್ನು ಹಿಡಿಯುವ ಬಳ್ಳಿಯೊಂದಿತ್ತು. ಭಾರತದಲ್ಲಿ ಇದರ ಬಳಗದ ಒಂದೇ ಜಾತಿ, ಅದೂ ದೂರದ ಮೇಘಾಲಯದ ಬೆಟ್ಟಗಳಲ್ಲಿ. ಇಷ್ಟು ಹತ್ತಿರದ ನಮ್ಮ ಘಟ್ಟಗಳಲ್ಲಿ ಏಕಿಲ್ಲವೆಂದು ಅವರು ಕೇಳಿದ್ದಕ್ಕೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ.

ಆ ರಾತ್ರಿ ತಂಗುಮನೆಯ ಸುತ್ತ ಪೊದೆಗಪ್ಪೆಗಳ ಟಿಕ್ಕು ಟಿಕ್ಕು ಧ್ವನಿ ಎದ್ದಿತು. ಈ ಕಪ್ಪೆಗಳ ಬಾಳು ವಿಚಿತ್ರ: ಇವುಗಳಿಗೆ ಕೆರೆ ಬೇಡ, ಹೊಂಡ ಬೇಡ, ತೇವದ ಮಣ್ಣಿನಲ್ಲೋ ಎಲೆಯ ಮೇಲೋ ಮೊಟ್ಟೆಯಿಟ್ಟರೆ ಗೊದಮೊಟ್ಟೆಯ ಅವಸ್ಥೆ ಹೊರಗೆ ಕಾಣಿಸಿಕೊಳ್ಳದೆ ಮೊಟ್ಟೆಯೊಡೆದು ಕಿರುಗಪ್ಪೆಯೇ ಹೊರಬರುತ್ತದೆ. ನಮ್ಮ ಘಟ್ಟಗಳಲ್ಲಿಯೂ ಇಂಥವೇ ಇವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರ ನೆನಪಿಗಾಗಿ ಅವುಗಳ ಕುಲಕ್ಕೆ 2010ರಲ್ಲಿ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟಿದ್ದಾರೆ. ಸಿಂಹಳದ ಕುಲವಾದರೋ ಬೇರೆ. ಮಂಜಿನ ಯುಗಗಳಲ್ಲಿ ಸಮುದ್ರದ ನೀರು ನೂರು ಮೀಟರಿಗೂ ಹೆಚ್ಚು ಕೆಳಗಿಳಿದಿದ್ದಾಗ ರಾಮೇಶ್ವರಕ್ಕೂ ಮನ್ನಾರಿಗೂ ನಡುವೆ ಕಡಲೇ ಇರಲಿಲ್ಲವೆಂದೂ, ಒಂದಲ್ಲ ಹಲವು ಸಲ ಈ ನೆಲ ಆ ನೆಲದೊಡನೆ ಕೂಡಿತ್ತೆಂದೂ, ಆನೆ ಚಿರತೆಗಳು ಎರಡೂ ಕಡೆ ಇರುವುದು ಇದರಿಂದಲೇ ಎಂದೂ ಉಪಾಧ್ಯಾಯಿನಿ ವಿವರಿಸುತ್ತಿದ್ದಾಗ, ಬೆಳಿಗ್ಗೆ ಭೀಮರಾಜನನ್ನು ಕಂಡಿದ್ದ ಅದೇ ಹುಡುಗಿ ತಡೆದು ಕೇಳಿದಳು: "ಹಾಗಾದರೆ ಕಪ್ಪೆ ಯಾಕೆ ದಾಟಲಿಲ್ಲ, ಮೇಡಂ? ಸಾವಿರಾರು ವರ್ಷ ಸಮಯ ಇತ್ತಲ್ಲ?"

ಪ್ರಶ್ನೆ ಮಗುವಿನದಾದರೂ ವಿದ್ವಾಂಸರನ್ನು ಕಾಡಿದ್ದೂ ಇದೇ. ಕಪ್ಪೆ, ಹಾವು, ಮೀನು, ಏಡಿಗಳ ವಂಶವಾಹಿಗಳನ್ನು ಹೋಲಿಸಿ 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ನೆಲ ಕೂಡಿದ್ದರೂ ಈ ಎರಡು ಮಳೆಕಾಡುಗಳ ಜೀವಿಗಳು ಬಹುಪಾಲು ಬೇರೆಬೇರೆಯಾಗಿಯೇ ಬಾಳಿದವೆಂದು ತೋರಿಸಿತು. ಕಾರಣವಾಗಿ ಹೇಳುವುದು ಸರಳವಾದದ್ದು. ಆ ಸೇತುವೆಯ ಇಕ್ಕೆಲದ ನಾಡು, ಇತ್ತ ತಮಿಳುನಾಡಿನ ಬಯಲು, ಅತ್ತ ಸಿಂಹಳದ ಉತ್ತರಭಾಗ, ಶುಷ್ಕವಾದದ್ದು. ನೆನೆದ ಎಲೆಯ ಕೆಳಗೆ ಬಾಳುವ ಜೀವಕ್ಕೆ ಸಮುದ್ರ ಎಷ್ಟು ದುಸ್ತರವೋ ಕಾದ ನೆಲವೂ ಅಷ್ಟೇ ದುಸ್ತರ. ಪೂರ್ಣವಾಗಿ ದಾಟಲಿಲ್ಲವೆಂದೂ ಅಲ್ಲ. ಸಿಂಹಳದ ಪೊದೆಗಪ್ಪೆಗಳ ಕವಲೊಂದು ಹೇಗೋ ನಮ್ಮ ಘಟ್ಟಗಳನ್ನು ಸೇರಿ ಇಲ್ಲಿಯೇ ನೆಲಸಿದೆ. ಮಕ್ಕಳು ಇದನ್ನೆಲ್ಲ ಬರೆದುಕೊಂಡು ಮಲಗಿದರು. ನನಗೆ ಮಾತ್ರ ಆ 'ಕಾದ ನೆಲ' ಎಂಬ ಮಾತು ಮನಸ್ಸಿನಲ್ಲಿ ಉಳಿದುಕೊಂಡಿತು. ಏಕೆಂಬುದು ಮುಂದೆ ಬೆಟ್ಟದ ಮೇಲೆ ಸ್ಪಷ್ಟವಾಯಿತು.

ಊಟದ ಮಾತನ್ನು ಬಿಡಲಾಗದು. ಬೆಳಗಿನ ಹೊತ್ತು ಬಾಳೆಲೆಯ ಮೇಲೆ ಬಂದ ಇಡಿಯಪ್ಪ ನಮ್ಮ ಒತ್ತುಶಾವಿಗೆಯೇ. ಕೆಂಪಕ್ಕಿಯ ಅನ್ನ ಕರಾವಳಿಯ ನಂಟರ ಮನೆಯದೇ. ಎಳೆಯ ಹಲಸಿನ ಪಲ್ಯವನ್ನು ಕಂಡು ಮನೆ ನೆನಪಾಗಿ ಚಿಕ್ಕ ಹುಡುಗನೊಬ್ಬನ ಕಣ್ಣು ಒದ್ದೆಯಾಯಿತು. ನಮ್ಮವರು ಉಪ್ಪಾಗೆಯನ್ನು ಬಳಸುವಂತೆ ಅಲ್ಲಿಯವರು ಗೊರಕವೆಂಬ ಅದೇ ಬಳಗದ ಹಣ್ಣಿನ ಒಣಗಿದ ಸಿಪ್ಪೆಯನ್ನು ಹುಳಿಗೆ ಹಾಕುತ್ತಾರೆ. ಆದರೆ ತೆಂಗಿನಕಾಯಿಯ ಕೆಂಪು ಚಟ್ನಿಯನ್ನು ಧಾರಾಳವಾಗಿ ಬಡಿಸಿಕೊಂಡ ಸಸ್ಯಾಹಾರಿ ಮಕ್ಕಳಿಗೆ ಅದರಲ್ಲಿ ಒಣಮೀನಿನ ಪುಡಿಯಿರುವುದೆಂದು ತಿಳಿದಾಗ ಉಂಟಾದ ಸಂಭ್ರಮವನ್ನು ವರ್ಣಿಸಲಾರೆ. ಮನೆಯೊಡತಿ ಗಾಬರಿಯಿಂದ ಬೇರೆ ಚಟ್ನಿ ಅರೆಸಿ ತಂದಳು. ಮಡಕೆಯಲ್ಲಿ ಹೆಪ್ಪುಗಟ್ಟಿದ ಎಮ್ಮೆಯ ಮೊಸರಿಗೆ ಬಗನಿಯ ಪಾಕ ಸುರಿದು ಕೊಟ್ಟು ಎಲ್ಲರನ್ನೂ ಸಂತೈಸಿದಳು. ಆ ಪಾಕದ ಸಣ್ಣ ಹೊಗೆಯ ವಾಸನೆ, ಕೊನೆಗೆ ಬರುವ ಒಂದಿಷ್ಟು ಕಹಿ, ಇವು ನನ್ನ ನಾಲಗೆಯ ಮೇಲೆ ಇನ್ನೂ ಇವೆ. ನಮ್ಮ ಬಗನಿಯಿಂದ ಇದನ್ನೇಕೆ ಮನೆಮನೆಯಲ್ಲಿ ಮಾಡುವುದಿಲ್ಲವೋ!

ಮಹಾವಲಿ ನದಿಯ ತಿರುವಿನಲ್ಲಿರುವ ಪೆರಾದೆಣಿಯ ಸಸ್ಯೋದ್ಯಾನ 1821ರಷ್ಟು ಹಿಂದಿನದು; ಅದರ ಸೊಬಗನ್ನು ಬಲ್ಲವರು ಬಹಳ ಮಂದಿ ಬರೆದಿದ್ದಾರೆ. 1901ರಲ್ಲಿ ಮುಂದೆ ಐದನೆಯ ಜಾರ್ಜ್ ದೊರೆಯಾದವನು ನೆಟ್ಟ ನಾಗಲಿಂಗದ ಮರ ಅಲ್ಲಿ ಕಾಂಡದ ತುಂಬ ಹೂ ಹೊತ್ತು ನಿಂತಿದೆ. ದಕ್ಷಿಣ ಅಮೆರಿಕೆಯಿಂದ ಬಂದ ಈ ಹೂವಿನೊಳಗೆ ನಾವು ಶಿವಲಿಂಗವನ್ನೂ ಹೆಡೆಯನ್ನೂ ಕಂಡರೆ ಸಿಂಹಳದವರು ಅದನ್ನೇ ಬುದ್ಧನ ಸಾಲವೃಕ್ಷವೆಂದು ವಿಹಾರಗಳಲ್ಲಿ ಬೆಳೆಸುತ್ತಾರೆ. ಹಾರ್ಟನ್ ಬಯಲಿನ ಎತ್ತರದಲ್ಲಿ ಹುಲ್ಲುಗಾವಲೂ ಅದರ ಮಡಿಲಿನ ಕುಳ್ಳಗಾಡೂ ಕುದುರೆಮುಖದ ಶೋಲೆಗಳನ್ನು ನೆನಪಿಗೆ ತಂದವು. ಮಂಜು ಕವಿದು ಜಗದಂಚೆಂಬ ಪ್ರಸಿದ್ಧವಾದ ಕಮರಿ ನಮಗೆ ಕಾಣಲೇ ಇಲ್ಲ.

ಬೆಟ್ಟದ ನಾಡಿನಲ್ಲಿ ಕಣ್ಣು ಹಾಯುವಷ್ಟು ದೂರ ಚಹಾ. ಮರದ ನೆರಳಿನಡಿ ತೋಟವಿರಬೇಕೆಂಬ ನಂಬಿಕೆಯಲ್ಲಿ ಬೆಳೆದ ಕಾಫಿ ನಾಡಿನ ಮಕ್ಕಳಿಗೆ, ಶಿಖರದಿಂದ ಕಣಿವೆಯವರೆಗೆ ಮಟ್ಟಸವಾಗಿ ಕತ್ತರಿಸಿದ ಆ ಹಸಿರು ಚೆಲುವಾಗಿ ಕಂಡರೂ ಕೊಂಚ ಬರಿದಾಗಿಯೂ ತೋರಿತು. ಈ ಬೆಟ್ಟಗಳೆಲ್ಲ ಒಂದು ಕಾಲಕ್ಕೆ ಕಾಫಿಯವೆಂದು ಹೇಳಿದಾಗ ಯಾರೂ ನಂಬಲಿಲ್ಲ. ಮಲೆಗಳನ್ನು ಬೋಳಿಸಿ, ಬಹುಪಾಲು ನೆರಳಿಲ್ಲದೆ, ಗುಡ್ಡಕ್ಕೆ ಗುಡ್ಡ ಸೇರಿಸಿ ಹಾಕಿದ ಆ ಕಾಫಿಯ ಎಲೆಗಳ ಹಿಂಬದಿಯಲ್ಲಿ 1869ರಲ್ಲಿ ಕಿತ್ತಳೆಬಣ್ಣದ ಧೂಳು ಕಾಣಿಸಿಕೊಂಡಿತು. ಎಲೆತುಕ್ಕು! ಗಾಳಿಯಲ್ಲಿ ಹಾರುವ ಶಿಲೀಂಧ್ರಕ್ಕೆ ತಡೆಯಿಲ್ಲದ ಏಕಬೆಳೆಯ ಬಯಲಿಗಿಂತ ಬೇರೆ ಏನು ಬೇಕು? ಕಾರಣ ಹುಡುಕಲು 1880ರಲ್ಲಿ ಬಂದ ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿ ರೋಗದ ಜೀವನಕ್ರಮವನ್ನು ಬಿಡಿಸಿಟ್ಟ. ತೋಟವನ್ನು ಉಳಿಸಲು ಶಕ್ತನಾಗಲಿಲ್ಲ. ಸತ್ತ ಕಾಫಿಗಿಡದ ಬೊಡ್ಡೆಗಳನ್ನು ಇಂಗ್ಲೆಂಡಿಗೆ ಸಾಗಿಸಿ ಚಹಾದ ಮೇಜುಗಳಿಗೆ ಕಾಲು ಮಾಡಿದರೆಂದು ಹೇಳುವುದುಂಟು.

"ಅವರು ಬೋರ್ಡೋ ಹೊಡೆಯಲಿಲ್ಲವಾ ಸಾರ್?" ಎಂದು ಕೇಳಿದ ಹುಡುಗ ತನ್ನ ಮನೆಯಲ್ಲಿ ಪ್ರತಿವರ್ಷವೂ ಮೈಲುತುತ್ತ ಸುಣ್ಣಗಳನ್ನು ಬೆರೆಸುವುದನ್ನು ನೋಡಿದವನು. ಆ ದ್ರಾವಣ ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಲೋಕಕ್ಕೆ ತಿಳಿದದ್ದು 1885ರಲ್ಲಿ. ಅಷ್ಟರಲ್ಲಿ ಸಿಂಹಳದ ತೋಟಗಾರರು ಚಹಾಕ್ಕೆ ತಿರುಗಿದ್ದರು. ನಮ್ಮ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನೆ ಮೊದಲಾದುದರ ಹಿಂದೆ ಇದೇ ತುಕ್ಕಿನ ಭಯವೂ ಇತ್ತು, ಅಲ್ಲಿಂದ ಹೊರಬಂದ ಎಸ್. 795 ತಳಿ ಅವನ ಮನೆಯ ತೋಟದಲ್ಲಿಯೂ ಇದೆ ಎಂದಾಗ ಆ ಹುಡುಗ ಬಹಳ ಹೊತ್ತು ಸುಮ್ಮನಿದ್ದ.

ಬೆಟ್ಟದಿಂದ ಇಳಿಯುವ ದಾರಿಯಲ್ಲಿ, ಚಹಾತೋಟದ ಲೈನುಮನೆಗಳ ಬಳಿ, ಬಸ್ಸು ನಿಂತಿತು. ಮಳೆ ಹನಿಯುತ್ತಿತ್ತು. ಬಾಗಿಲಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಒಳಗೆ ಬರುವಂತೆ ಸನ್ನೆ ಮಾಡಿದಳು. ತಮ್ಮ ತೋಟದ ಲೈನಿನ ಮಕ್ಕಳೊಡನೆ ಆಡಿ ತಮಿಳು ಕಲಿತಿದ್ದ ನಮ್ಮ ಹುಡುಗಿಯೊಬ್ಬಳು "ಪಾಟೀ" ಎಂದು ಮಾತಿಗೆ ತೊಡಗಿದ್ದೇ ತಡ, ಕರಿಯ ಚಹಾವೂ ಅಂಗೈಯಲ್ಲಿ ಹಿಡಿದು ಕಚ್ಚಲು ಬೆಲ್ಲದ ಚೂರುಗಳೂ ಬಂದವು. ನಾವು ಕರ್ನಾಟಕದವರೆಂದು ತಿಳಿದಾಗ ಅವಳು ಒಮ್ಮೆಗೇ ನನ್ನ ಕಡೆಗೆ ತಿರುಗಿ, "ಅಯ್ಯಾ, ಸುಳ್ಯ ಗೊತ್ತೆ?" ಎಂದು ಕೇಳಿದಳು.

ಅವಳ ಅಕ್ಕ ಸುಳ್ಯದಲ್ಲಿದ್ದಾಳೆ, ಅಥವಾ ಇದ್ದಳು. ಕಾಫಿಯ ಕಾಲದಲ್ಲಿ ತಮಿಳುನಾಡಿನಿಂದ ಬಂದ ಕೂಲಿಗಳ ವಂಶದವರು ಅವರು. 1948ರಲ್ಲಿ ಸ್ವತಂತ್ರ ಸಿಂಹಳವು ಈ ಜನರನ್ನು ಪೌರರೆಂದು ಎಣಿಸಲಿಲ್ಲ. 1964ರಲ್ಲಿ ಎರಡು ದೇಶಗಳ ಪ್ರಧಾನಿಗಳಾಗಿದ್ದ ಸಿರಿಮಾವೊ ಮತ್ತು ಲಾಲ್ ಬಹಾದುರ್ ಶಾಸ್ತ್ರಿಗಳು ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತಕ್ಕೆ, 3,00,000 ಜನರನ್ನು ಸಿಂಹಳಕ್ಕೆ ಎಂದು ಹಂಚಿದರು. ಅಕ್ಕನ ಕುಟುಂಬ ಆ ಪಾಲಿಗೆ, ತಂಗಿ ಈ ಪಾಲಿಗೆ. ಹಾಗೆ ಬಂದವರಲ್ಲಿ ಎಷ್ಟೋ ಸಂಸಾರಗಳು ಸುಳ್ಯ ಪುತ್ತೂರುಗಳ ಅರಣ್ಯ ನಿಗಮದ ರಬ್ಬರ್ ತೋಟಗಳಲ್ಲಿ ನೆಲಸಿರುವುದನ್ನು ದಕ್ಷಿಣ ಕನ್ನಡದವರು ಬಲ್ಲರು. ಮೊದಮೊದಲು ಕಾಗದ ಬರುತ್ತಿತ್ತಂತೆ, ಆಮೇಲೆ ನಿಂತಿತು. "ಅಲ್ಲಿ ಅವಳನ್ನು ಸಿಲೋನಿನವಳು ಅನ್ನುತ್ತಾರಂತೆ, ಇಲ್ಲಿ ನನ್ನನ್ನು ಇಂಡಿಯಾದವಳು ಅನ್ನುತ್ತಾರೆ" ಎಂದು ಹೇಳಿ ನಕ್ಕಳು. ದೂರಿನ ದನಿ ಅದರಲ್ಲಿ ಇರಲಿಲ್ಲ. ಅವಳ ಮುತ್ತಜ್ಜಿಯ ಕಾಲದವರು ಮನ್ನಾರಿನಲ್ಲಿ ದೋಣಿಯಿಳಿದು ಮಾತಳೆಯವರೆಗೂ ನಡೆದೇ ಬಂದವರು. ಉತ್ತರದ ಆ ಒಣಕಾಡಿನ ದಾರಿಯಲ್ಲಿ ಕಾಲರಾ, ಜ್ವರ, ನೀರಡಿಕೆಗಳಿಂದ ಸತ್ತವರ ಲೆಕ್ಕವನ್ನು ಸರಿಯಾಗಿ ಇಟ್ಟವರಿಲ್ಲ. ಕಪ್ಪೆಗಳನ್ನು ಯುಗಯುಗಗಳ ಕಾಲ ತಡೆದು ನಿಲ್ಲಿಸಿದ್ದ ಕಾದ ನೆಲ ಅದೇ.

ಪ್ರಶ್ನೆ ಕೇಳಿದ್ದ ಹುಡುಗಿ ಪ್ರವಾಸದ ವರದಿಯಲ್ಲಿ ಕಪ್ಪೆಗಳ ಅಧ್ಯಾಯದ ಬೆನ್ನಿಗೇ ಈ ಲೈನುಮನೆಯ ಮಾತುಗಳನ್ನು ಸೇರಿಸಿದ್ದಾಳೆ. ಇದು ವಿಜ್ಞಾನವಲ್ಲ, ತೆಗೆಯಬೇಕೆಂದು ಹಿರಿಯರೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪಲಾರೆ. ಕಾಫಿಯ ಬೀಜ ದಾಟಿದ್ದನ್ನೂ ತುಕ್ಕಿನ ಧೂಳಿ ಹಾರಿದ್ದನ್ನೂ ಸಸ್ಯಶಾಸ್ತ್ರವೆಂದು ಓದಿಸಿ, ಆ ಬೀಜದ ಬೆನ್ನಿಗೆ ದಾಟಿದ ಮನುಷ್ಯರನ್ನು ಬೇರೆ ಪುಸ್ತಕಕ್ಕೆ ತಳ್ಳಿಬಿಡುವುದು ನಮ್ಮ ಪಾಠಕ್ರಮದ ಅನುಕೂಲವೇ ಹೊರತು ಪ್ರಕೃತಿಯ ವಿಂಗಡಣೆಯಲ್ಲ. ರಬ್ಬರಿನ ಮಾತನ್ನೇ ನೋಡಿರಿ: ಬ್ರೆಜಿಲಿನಿಂದ ಕ್ಯೂ ಉದ್ಯಾನಕ್ಕೆ ಬಂದ ಬೀಜಗಳ ಸಸಿಗಳನ್ನು 1876ರಲ್ಲಿ ನೆಟ್ಟದ್ದು ಸಿಂಹಳದ ಹೆನರತ್‌ಗೊಡ ತೋಟದಲ್ಲಿ, ನಮ್ಮ ದಕ್ಷಿಣ ದೇಶಕ್ಕೆ ಆ ಗಿಡ ಬಂದದ್ದು ಆ ದ್ವೀಪದಿಂದಲೇ. ಸುಳ್ಯದ ಆ ತೋಟಗಳಲ್ಲಿ ಮರವೂ ಹೊರಗಿನಿಂದ ಬಂದದ್ದು, ಮರಕ್ಕೆ ಗೀರು ಹಾಕಿ ಹಾಲಿಳಿಸುವವರೂ ಅದೇ ದಾರಿಯಿಂದ ಬಂದವರು. ಮುಂದಿನ ವರ್ಷ ನಮ್ಮ ಮಕ್ಕಳ ವಿಜ್ಞಾನ ಪ್ರವಾಸ ಅಲ್ಲಿಗೇ ಹೊರಡುವುದೆಂದು ನಿಶ್ಚಯವಾಗಿದೆ. ಆ ಸೀಮೆಯ ಉಪಾಧ್ಯಾಯರು ಯಾರಾದರೂ ತಮ್ಮ ಮಕ್ಕಳನ್ನು ಕರೆತಂದು ಜೊತೆಗೂಡುವುದಾದರೆ, ಅಲ್ಲಿನ ಹಿರಿಯ ಹೆಂಗಸರ ಮಾತುಗಳನ್ನು ಬರೆದುಕೊಳ್ಳಲು ತಮಿಳು ಬಲ್ಲ ಒಬ್ಬಿಬ್ಬರನ್ನೂ ಜೊತೆಗೆ ಕರೆತರಬೇಕೆಂದು ಪ್ರಾರ್ಥಿಸುತ್ತೇನೆ.